ಬಾಳೆತೋಟದಲ್ಲೊಂದು ಯುದ್ಧವಿಮಾನ

ತಗಡು ಎಲ್ಲಿ ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಚಟ ನನಗಿದೆ. ಬಸ್ಸು ಹತ್ತುವ ಮುಂಚೆ ಅದರ ಪಕ್ಕೆಗೆ ಎರಡೇಟು ತಟ್ಟಿಯೇ ಹತ್ತುತ್ತೇನೆ. ಕಳೆದ ವಾರ ಬೀಗರ ಮನೆಗೆ ಹೋದಾಗ ಅವರು ಹೊಸ ಫ್ರಿಜ್ಜು ತೋರಿಸಿದರು. ಬೇರೆಯವರಾಗಿದ್ದರೆ ಬಾಗಿಲು ತೆರೆದು ಒಳಗೆ ನೋಡಿ, ಚೆನ್ನಾಗಿದೆ ಅನ್ನುತ್ತಿದ್ದರು. ನಾನು ಪಕ್ಕಕ್ಕೆ ಹೋಗಿ ತಟ್ಟಿದೆ, ಕಿವಿ ಹಚ್ಚಿದೆ, ಹಿಂದೆ ತೂರಿಕೊಂಡು ಅಲ್ಲಿಯೂ ತಟ್ಟಿದೆ. ನನ್ನ ಹೆಂಡತಿ ಮಹಾನಂದಾ ಬೀಗರ ಎದುರಿಗೆ ನಗುತ್ತಲೇ ಇದ್ದಳು. ಆಟೋದಲ್ಲಿ ಕೂತ ಮೇಲೆ, "ನೀವೇನ್ ಡಾಕ್ಟರೇನ್ರೀ? ಅದರ ಎದಿ ಬಡಿತ ಕೇಳಾಕತ್ತಿದ್ರಿ" ಅಂದಳು.

ಏನು ಮಾಡಲಿ, ಇದು ಮನೆತನದಿಂದ ಬಂದದ್ದು. ಕಲಬುರಗಿಯ ಶಹಾಬಜಾರದಲ್ಲಿ ನಮ್ಮಪ್ಪನ ಟ್ರಂಕಿನ ಅಂಗಡಿ ಇತ್ತು. ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಓಣಿ ಎಷ್ಟು ಇಕ್ಕಟ್ಟೆಂದರೆ ಅಪ್ಪ ಉದ್ದನೆಯ ತಗಡನ್ನು ಹೊರಳಿಸಬೇಕಾದರೆ ಎದುರು ಮನೆಯವರು ಬಾಗಿಲು ತೆರೆದು ಅದರ ತುದಿಯನ್ನು ತಮ್ಮ ಪಡಸಾಲೆಯೊಳಗೆ ಬಿಟ್ಟುಕೊಳ್ಳಬೇಕಿತ್ತು. ಅವರು ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ. ಊಟಕ್ಕೆ ಕೂತಿದ್ದರೆ ತಾಟು ಎತ್ತಿಕೊಂಡು ತುಸು ಸರಿಯುತ್ತಿದ್ದರು, ತಗಡು ಹೋದ ಮೇಲೆ ಮತ್ತೆ ಕೂತು ಉಣ್ಣುತ್ತಿದ್ದರು. ಬೆಳಗಿನಿಂದ ಸಂಜೆಯ ತನಕ ಢಣಢಣ ಸದ್ದು. ಆ ಸದ್ದಿನ ನಡುವೆಯೇ ನಾನು ಮಗ್ಗಿ ಕಲಿತೆ. ಅದಕ್ಕೇ ಇರಬೇಕು, ಇವತ್ತಿಗೂ ನಾನು ಗುಟ್ಟು ಹೇಳಿದರೆ ಪಕ್ಕದ ಮನೆಗೆ ಕೇಳುತ್ತದೆ.

ಟ್ರಂಕು ಮುಗಿದ ಮೇಲೆ ಅಪ್ಪ ಅದರ ಮೂಲೆಗಳನ್ನೆಲ್ಲ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದ. "ಎಲ್ಲಿ ಜೋಡಣಿ ಬಾಯಿ ಬಿಟ್ಟದ, ಅಲ್ಲೇ ಒದರ್ತದ ನೋಡು" ಅನ್ನುತ್ತಿದ್ದ. ಮದುವೆಯ ಟ್ರಂಕುಗಳೆಂದರೆ ಅವನಿಗೆ ವಿಶೇಷ ಅಕ್ಕರೆ. ಹಸಿರು ಬಣ್ಣ ಬಳಿದು ಮುಚ್ಚಳದ ಮೇಲೆ ಗುಲಾಬಿ ಹೂವು, ಎರಡು ಗಿಳಿ ಬರೆಯುತ್ತಿದ್ದ. ಅವನ ಗಿಳಿಗಳು ನೋಡಲಿಕ್ಕೆ ಕೋಳಿಗಳಂತೆ ಇರುತ್ತಿದ್ದವು. ಯಾರೂ ಅದನ್ನು ಅವನ ಎದುರಿಗೆ ಹೇಳಲಿಲ್ಲ.

ಅಂಥದೊಂದು ಮದುವೆಯ ಟ್ರಂಕಿನಲ್ಲಿ ನಾನು ಕಣ್ಣುಮುಚ್ಚಾಲೆ ಆಡುತ್ತ ಅಡಗಿ ಕೂತಿದ್ದೆ. ಚಿಲಕ ಇನ್ನೂ ಕೂಡಿಸಿರಲಿಲ್ಲ, ಅದು ನನ್ನ ಪುಣ್ಯ. ಒಳಗೆ ಹೊಸ ಬಣ್ಣದ ವಾಸನೆ, ಬೆಚ್ಚನೆಯ ಕತ್ತಲೆ. ನಿದ್ದೆ ಬಂದುಬಿಟ್ಟಿತು. ಎಚ್ಚರಾದಾಗ ಇಡೀ ಲೋಕ ಓಲಾಡುತ್ತಿತ್ತು, ಕೆಳಗೆ ಕುದುರೆಯ ಗೊರಸಿನ ಸದ್ದು. ಅಪ್ಪ ಟ್ರಂಕನ್ನು ಟಾಂಗಾದಲ್ಲಿ ಹೇರಿ ಬ್ರಹ್ಮಪುರ ಬಡಾವಣೆಗೆ ಕಳಿಸಿದ್ದ. ಕೂಗಬೇಕೆಂದು ಹೊಳೆಯಲಿಲ್ಲ. ನಾನು ಹಾರುತ್ತಿದ್ದೇನೆಂದೇ ನಂಬಿದ್ದೆ. ಮದುವೆ ಮನೆಯಲ್ಲಿ ಹೆಂಗಸರೆಲ್ಲ ಸುತ್ತ ನಿಂತು ಮುಚ್ಚಳ ತೆಗೆದರೆ ಒಳಗಿನಿಂದ ನಾನು ಎದ್ದು ನಿಂತೆ. ಒಬ್ಬ ಅಜ್ಜಿ ಕಿರುಚಿದಳು. ವಧು ಮಾತ್ರ ಬಿದ್ದು ಬಿದ್ದು ನಕ್ಕು, ನನ್ನ ಕೈಗೆ ಒಂದು ಬೇಸನ್ ಉಂಡಿ ಕೊಟ್ಟು ಅದೇ ಟಾಂಗಾದಲ್ಲಿ ವಾಪಸು ಕಳಿಸಿದಳು. ಅಪ್ಪ ಹೊಡೆಯಲಿಲ್ಲ. "ಒಳಗ ಕೂತಾಗ ಎಲ್ಲಾದ್ರೂ ಬೆಳಕು ಬರ್ತಿತ್ತೇನು?" ಎಂದು ಕೇಳಿದ. ಇಲ್ಲ ಅಂದೆ. ಅವನ ಮುಖ ಅರಳಿತು.

ಆಮೇಲೆ ಸೂಟ್‌ಕೇಸುಗಳು ಬಂದವು, ಟ್ರಂಕುಗಳು ಅಟ್ಟ ಸೇರಿದವು. ನಾನು ಊರಾಚೆಯ ನಂದೂರಿಗೆ ಬಂದು ಷೆಡ್ಡು ಹಾಕಿದೆ. ಅಲ್ಲಿ ಸುತ್ತ ಬೇಳೆ ಮಿಲ್ಲುಗಳು. ತೊಗರಿ ಮೇಲಿಂದ ಕೆಳಗಿಳಿಯುವ ಕೊಳವೆ, ಹೊಟ್ಟು ಎಳೆಯುವ ಪೈಪು, ಕಾಳು ಸುರಿಯುವ ದೊಡ್ಡ ಲಾಳಿಕೆ, ಎಲ್ಲ ತಗಡಿನವೇ. ಇಂಥ ವಸ್ತುಗಳನ್ನು ಮಾಡಿಕೊಡುವವರಲ್ಲಿ ನಾನು ಕಲಬುರಗಿಯ ಮೊದಲನೆಯವನು. ಎರಡನೆಯವನು ಯಾರೆಂದು ನನಗೆ ಗೊತ್ತಿಲ್ಲ. ಇದನ್ನು ಆತ್ಮವಿಶ್ವಾಸ ಅನ್ನಿ, ಸೊಕ್ಕು ಅನ್ನಿ, ನಿಮ್ಮಿಷ್ಟ. ಮಹಾನಂದಾ ಎರಡನೆಯದನ್ನೇ ಅನ್ನುತ್ತಾಳೆ.

ಈ ಸೊಕ್ಕಿನಿಂದಲೇ ನಾನು ಒಂದು ವಿಮಾನ ಕಟ್ಟಿದೆ. ಆಟಿಕೆಯಲ್ಲ, ನಿಜವಾದ ಅಳತೆಯ ಯುದ್ಧವಿಮಾನ.

ವಸಂತರಾವ್ ಕಾಕಾ ಕಮಲಾಪುರದವರು. ಹರೆಯದಲ್ಲಿ ವಾಯುಸೇನೆ ಸೇರಿ, ವಿಮಾನಗಳ ಮೈ ರಿಪೇರಿ ಮಾಡುವ ಕೆಲಸದಲ್ಲಿ ಊರೂರು ತಿರುಗಿ, ನಿವೃತ್ತರಾಗಿ ಬಂದು ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದರು. ಎಂಬತ್ತರ ಹತ್ತಿರ ಬಂದಿದ್ದರೂ ಬೆನ್ನು ಬಾಗಿರಲಿಲ್ಲ. ಮನೆಯಲ್ಲಿ ಮರಾಠಿ, ತೋಟದಲ್ಲಿ ಕನ್ನಡ, ಸಿಟ್ಟು ಬಂದಾಗ ಹಿಂದಿ. ಅವರು ಒಂದು ದಿನ ನನ್ನ ಷೆಡ್ಡಿಗೆ ಜೋಳ ತುಂಬುವ ಡಬ್ಬಿಯೊಂದನ್ನು ಹೊರಿಸಿಕೊಂಡು ಬಂದರು. ತಳ ತುಕ್ಕು ಹಿಡಿದು ಹೋಗಿತ್ತು. ನಾನು ಹೊಸ ತಳ ಹಾಕುವ ತನಕ ಅವರು ಸುಮ್ಮನೆ ಕೂರಲಿಲ್ಲ. ಮಿಲ್ಲೊಂದಕ್ಕೆ ಮಾಡಿಟ್ಟಿದ್ದ ಬಾಗಿದ ಪೈಪಿನ ಹತ್ತಿರ ಹೋಗಿ ರಿವೆಟ್ಟುಗಳ ಸಾಲಿನ ಮೇಲೆ ಹೆಬ್ಬೆಟ್ಟು ಆಡಿಸಿದರು.

"ಸಾಲು ಬರೋಬ್ಬರಿ ಅದ. ಏರ್‌ಫೋರ್ಸಿನಾಗ ಇದ್ದಿಯೇನು?"

"ಇಲ್ರಿ ಕಾಕಾ, ಶಹಾಬಜಾರದಾಗ ಇದ್ದೆ."

ಅವರಿಗೆ ಆ ಉತ್ತರ ಸೇರಿತು. ಚಹಾ ತರಿಸಿದೆ. ಮಾತಿಗೆ ಮಾತು ಬೆಳೆದು ನಾನು ನನ್ನ ಎಂದಿನ ಪ್ರತಾಪ ಹೇಳಿಕೊಂಡೆ. "ತಗಡಿನಾಗ ಆಗಲಾರದ್ದು ಅಂತ ಯಾವುದೂ ಇಲ್ರಿ ಕಾಕಾ."

"ಹಂಗಾದ್ರ ನನಗೊಂದು ನ್ಯಾಟ್ ಮಾಡಿ ಕೊಡು."

ನ್ಯಾಟ್ ಅಂದರೆ ಇಂಗ್ಲಿಷಿನಲ್ಲಿ ನುಸಿ. ಹಳೆಯ ಕಾಲದ ಪುಟ್ಟ ಯುದ್ಧವಿಮಾನಕ್ಕೆ ಆ ಹೆಸರು. ಕಾಕಾ ತಮ್ಮ ಪ್ರಾಯವನ್ನೆಲ್ಲ ಅದರ ಹೊಟ್ಟೆಯ ಕೆಳಗೆ ಮಲಗಿ ಕಳೆದಿದ್ದರು. ಷೋಕೇಸಿನಲ್ಲಿ ಇಡಲಿಕ್ಕೆ ಕೇಳುತ್ತಿದ್ದಾರೆ ಎಂದುಕೊಂಡು, "ಎಷ್ಟು ದೊಡ್ಡದು ಬೇಕ್ರಿ? ಮೊಳ ಉದ್ದದ್ದು?" ಅಂದೆ.

"ಅದು ಎಷ್ಟಿತ್ತೋ ಅಷ್ಟು."

"ಅಂದ್ರ?"

"ಅಂದ್ರ ನಿನ್ನ ಷೆಡ್ಡಿನಾಗ ಹಿಡೀತದ, ಚಿಂತಿ ಮಾಡಬ್ಯಾಡ. ಅಕಿ ಸಣ್ಣಾಕಿ."

ಆ ವಿಮಾನವನ್ನು ಅವರು ಯಾವತ್ತೂ ಅದು ಎಂದು ಕರೆಯಲಿಲ್ಲ. ಅಕಿ. ಅವಳು.

ಮನೆಗೆ ಹೋಗಿ ಮಹಾನಂದಾಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಹಾರ್ತದೇನ್ರೀ?" ಅಂದಳು.

"ಇಲ್ಲ."

"ಮತ್ಯಾಕ?"

ನಾನು ತಾಟು ಹಾಕಿಕೊಂಡು ಊಟಕ್ಕೆ ಕೂತೆ. ಖರ್ಚಿನ ವಿಷಯ ಇಲ್ಲಿ ಬರೆಯುವುದಿಲ್ಲ, ಅವಳು ಇದನ್ನು ಓದುತ್ತಾಳೆ.

ವಿಮಾನವನ್ನು ಎಲ್ಲಿ ಇಡುವುದೆಂದು ನೋಡಲು ಕಮಲಾಪುರಕ್ಕೆ ಹೋದೆ. ಕಾಕಾ ರಸ್ತೆಯ ಬದಿಯ ತಮ್ಮ ತೋಟದಲ್ಲಿ ಒಂದು ಜಾಗ ತೋರಿಸಿದರು. ಅಲ್ಲಿ ಗೊನೆ ಹೊತ್ತ ಬಾಳೆ ಗಿಡಗಳು ನಿಂತಿದ್ದವು, ಹವಳದಂಥ ಕೆಂಪು ಕಾಯಿ. ಅವರ ಹೆಂಡತಿ ಸುಮಿತ್ರಾ ಕಾಕು ಅವಲಕ್ಕಿ ತಂದು ನನ್ನ ಮುಂದಿಟ್ಟು ಅಲ್ಲೇ ನಿಂತರು. ತೋಟದ ಉಸ್ತುವಾರಿ ನಿಜವಾಗಿ ಅವರದೇ.

"ನೋಡು ಶರಣಪ್ಪ," ಅಂದರು ನನ್ನ ಹೆಸರು ಹಿಡಿದು, "ಮದ್ವಿಯಾಗಿ ಬಂದಾಗಿಂದ ಅಕಿ ಸುದ್ದಿ ಕೇಳಾಕತ್ತೀನಿ. ಅಕಿ ಹಿಂಗಿದ್ಳು, ಅಕಿ ಹಂಗಿದ್ಳು. ಊಟಕ್ಕ ಕೂತ್ರ ಅಕಿ, ಮಲಗಿದ್ರ ಅಕಿ. ಈಗ ನನ್ನ ಬಾಳಿ ಕಡಿಸಿ ಅಕಿನ್ನ ತಂದು ಕೂಡಿಸ್ತಾರಂತ. ಸವತಿಗೆ ಮನಿ ಕಟ್ಟಿ ಕೊಡಾಂವ ನೀ. ಅವಲಕ್ಕಿ ತಿನ್ನು, ಆರ್ತದ."

ಇಂಥ ಮಾತು ಕೇಳಿ ಅವಲಕ್ಕಿ ಹೇಗೆ ಇಳಿಯಬೇಕು? ಆದರೂ ಎರಡನೆಯ ಸಲ ಹಾಕಿಸಿಕೊಂಡೆ, ಯಾಕೆಂದರೆ ಕಾಕುವಿನ ಒಗ್ಗರಣೆ ಅಂಥದು.

ಕೆಲಸ ಶುರುವಾಯಿತು. ಕಾಕಾ ಬೆಳಗಿನ ಬಸ್ಸಿಗೆ ಕಮಲಾಪುರದಿಂದ ಬರುತ್ತಿದ್ದರು. ಕೈಯಲ್ಲಿ ಊಟದ ಡಬ್ಬಿ, ಚೀಲದಲ್ಲಿ ಬಾಳೆಹಣ್ಣು. ಮೊದಲ ದಿನ ಅವರು ಕೇಳಿದ್ದು ಪೊರಕೆ. ಷೆಡ್ಡಿನ ನೆಲವನ್ನು ತಾವೇ ನಿಂತು ಗುಡಿಸಿಸಿ, ತೊಳೆಸಿ, ಮೊಣಕಾಲೂರಿ ಕೂತು ಚಾಕ್‌ಪೀಸಿನಿಂದ ನೆಲದ ಮೇಲೆ ಇಡೀ ವಿಮಾನವನ್ನು ಬರೆದರು. ಮೂತಿಯಿಂದ ಬಾಲದವರೆಗೆ ಮೂವತ್ತು ಅಡಿಗೆ ತುಸು ಕಡಿಮೆ. ಬಹಳ ಕಡೆ ನೆನಪಿನಿಂದಲೇ ಬರೆದರು. ನಡುನಡುವೆ ಹಳೆಯ ಫೋಟೋಗಳನ್ನು ನನ್ನ ಫೋನಿನಲ್ಲಿ ಹಿಗ್ಗಿಸಿ ತೋರಿಸಿದರೆ, "ಫೋಟೋ ತೆಗೆದಾಂವ ಓರೆ ನಿಂತಾನ" ಎಂದು ತಳ್ಳಿಹಾಕುತ್ತಿದ್ದರು. ನನ್ನ ಇಬ್ಬರು ಕೆಲಸಗಾರರು ಆ ಗೆರೆಗಳ ಮೇಲೆ ಓಡಾಡಿದರೆ ಒದರುತ್ತಿದ್ದರು. "ರೆಕ್ಕಿ ಮ್ಯಾಲೆ ಕಾಲಿಡಬ್ಯಾಡ್ರೋ!" ಕ್ರಮೇಣ ನಾವೆಲ್ಲರೂ ರೆಕ್ಕೆಯನ್ನು ಸುತ್ತುಹಾಕಿ ಓಡಾಡುವುದು ರೂಢಿಯಾಯಿತು. ಪಕ್ಕದ ಮಿಲ್ಲಿನ ಮಾಲೀಕ ಬಂದು, ಏನೂ ಇಲ್ಲದ ಬರಿ ನೆಲವನ್ನು ನಾವು ಸುತ್ತುಹಾಕುವುದು ಕಂಡು, "ಏನ್ ಸಾಹೇಬ್ರ, ತಬಿಯತ್ ಠೀಕ್ ಅದ ಅಲ್ಲ?" ಎಂದು ಕೇಳಿಹೋದ.

ಚೌಕದ ಕಬ್ಬಿಣದ ಪೈಪಿನಿಂದ ಅಸ್ಥಿಪಂಜರ ಕಟ್ಟಿದೆವು. ಅದರ ಮೇಲೆ ಬಳೆಗಳ ಹಾಗೆ ದುಂಡು ಪಟ್ಟಿಗಳು, ಅವುಗಳ ಮೇಲೆ ತಗಡು. ಮುಂದಿನ ಗಾಲಿಗೆ ಆಟೋದ ಟಯರು ಸರಿಹೋಯಿತು. ಬೇಸಿಗೆಯಲ್ಲಿ ನಂದೂರಿನ ತಗಡಿನ ಷೆಡ್ಡೆಂದರೆ ಭಟ್ಟಿಯೇ. ಹತ್ತು ಗಂಟೆಯ ನಂತರ ಕೈಯಿಟ್ಟಲ್ಲೆಲ್ಲ ಬರೆ. ನಸುಕಿನಲ್ಲಿ ಶುರುಮಾಡಿ ಬಿಸಿಲೇರುವುದರೊಳಗೆ ಸುತ್ತಿಗೆ ಕೆಳಗಿಡುತ್ತಿದ್ದೆವು. ಆಮೇಲೆ ಮಜ್ಜಿಗೆ ಕುಡಿದು ಜಗಳಾಡುತ್ತಿದ್ದೆವು.

ಜಗಳ ಮೂತಿಯ ವಿಷಯಕ್ಕೆ. ಮರಳು ತುಂಬಿದ ಚೀಲದ ಮೇಲೆ ತಗಡಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಬಡಿದು, ಚಪ್ಪಟೆ ತಗಡನ್ನು ಮೊಟ್ಟೆಯ ತುದಿಯ ಹಾಗೆ ಉಬ್ಬಿಸುವುದು ನನ್ನ ವಿದ್ಯೆ. ಒಂದು ಮೂತಿ ಮಾಡಿದೆ. ನುಣ್ಣಗೆ, ಗಂಟಿಲ್ಲದೆ, ನೋಡಿದವರು ಕಣ್ಣು ತೆಗೆಯಬಾರದು, ಹಾಗಿತ್ತು. ಕಾಕಾ ದೂರ ನಿಂತು ತಲೆ ಅಲ್ಲಾಡಿಸಿದರು.

"ಇದು ಮೂಗಲ್ಲ, ಬದನಿಕಾಯಿ."

"ಕಾಕಾ, ಇದಕ್ಕಿಂತ ಚಂದ ಆಗಾಂಗಿಲ್ರಿ."

"ಚಂದ ಯಾರು ಕೇಳ್ಯಾರ? ಅಕಿ ಮೂಗು ಜರಾ ಕೆಳಗಿತ್ತು. ಏನೋ ಹುಡುಕಾಕತ್ತಾಳ ಅನ್ನೋ ಹಂಗ."

ನಾನು ಸಿಟ್ಟಿನಿಂದ ಎರಡನೆಯದನ್ನು ಬಡಿದೆ. ಅದನ್ನು ಕೂಡಿಸಿ ಹಿಂದೆ ಸರಿದು ನೋಡಿದರೆ, ಇಷ್ಟು ದಿನ ತಗಡಿನ ಸಾಮಾನಾಗಿ ಬಿದ್ದಿದ್ದ ವಸ್ತುವಿಗೆ ಒಮ್ಮೆಗೇ ಮುಖ ಬಂದಿತ್ತು. ಕಾಕಾ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಕೈಯಲ್ಲಿಟ್ಟರು.

ಅದಾದ ಕೆಲವೇ ದಿನಗಳಲ್ಲಿ ಬೆಳಗಿನ ಬಸ್ಸಿಗೆ ಕಾಕಾ ಬರಲಿಲ್ಲ. ಮಧ್ಯಾಹ್ನ ಕಾಕುವಿನ ಫೋನು ಬಂತು. ತೋಟದಲ್ಲಿ ನೀರು ಬಿಡಲು ಹೋದವರು ಪಂಪಿನ ಹತ್ತಿರವೇ ಕುಸಿದಿದ್ದರು. ಲಕ್ವ ಹೊಡೆದಿತ್ತು. ಕಲಬುರಗಿಯ ಆಸ್ಪತ್ರೆಗೆ ಓಡಿದೆ. ನೆಟ್ಟಗೆ ಕೂರುತ್ತಿದ್ದ ಮನುಷ್ಯ ಹಾಸಿಗೆಯಲ್ಲಿ ಒಂದು ಬದಿಗೆ ಜಾರಿ ಬಿದ್ದಿದ್ದರು. ಬಲಗೈ, ಬಲಗಾಲು ಸತ್ತಿದ್ದವು. ನನ್ನನ್ನು ನೋಡಿ ಏನೋ ಹೇಳಲು ಹೋದರು. ಬಾಯಿಂದ ಬಂದದ್ದು ಮಾತಲ್ಲ. ಅದು ಮಾತಲ್ಲವೆಂದು ಅವರಿಗೂ ತಿಳಿಯಿತು. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಜೀವ ಉಳಿಯಿತು. ಡಾಕ್ಟರು ದಿನಾ ವ್ಯಾಯಾಮ ಮಾಡಿಸಬೇಕೆಂದರು. ಅದಕ್ಕಾಗಿ ಕಾಕು ಬ್ರಹ್ಮಪುರದಲ್ಲಿ ತಮ್ಮ ತಂಗಿಯ ಮನೆಯ ಒಂದು ಕೋಣೆಯಲ್ಲಿ ಸಂಸಾರ ಹೂಡಿದರು. ನಾನು ಸಂಜೆ ಹೋಗಿ ಕೂರುತ್ತಿದ್ದೆ. ಕಾಕಾ ವ್ಯಾಯಾಮಕ್ಕೆ ಒಪ್ಪುತ್ತಿರಲಿಲ್ಲ. ಎಬ್ಬಿಸಿದರೆ ಮೈ ಬಿಗಿ ಹಿಡಿಯುತ್ತಿದ್ದರು. ನಾನು ಷೆಡ್ಡಿನ ಮಾತು ತೆಗೆದರೆ ಕಣ್ಣು ಮುಚ್ಚುತ್ತಿದ್ದರು.

ಅಷ್ಟರಲ್ಲಿ ತೊಗರಿಯ ಹಂಗಾಮು ಬಂತು. ಮಿಲ್ಲಿನವರು ಬಾಗಿಲಲ್ಲಿ ನಿಂತರು. ನಾನು ವಿಮಾನದ ಮೇಲೆ ತಾಡಪತ್ರಿ ಎಳೆದು ಮುಚ್ಚಿದೆ. ರೆಕ್ಕೆಗಳು ಗೋಡೆಗೆ ಒರಗಿದವು, ಒಳಗೆ ಪೈಲಟ್ ಕೂರುವ ಗುಂಡಿ ಖಾಲಿ ಇತ್ತು. ತಗಡಿನಲ್ಲಿ ಆಗಲಾರದ್ದು ಯಾವುದೂ ಇಲ್ಲ ಎಂದವನಿಗೆ ಆ ತಾಡಪತ್ರಿಯ ಪಕ್ಕ ಹಾದುಹೋಗುವಾಗ ಆ ಕಡೆ ನೋಡಲು ಆಗುತ್ತಿರಲಿಲ್ಲ. ಗುಜರಿಯವನೊಬ್ಬ ಎರಡು ಸಲ ಕೇಳಿಹೋದ. ಮೂರನೆಯ ಸಲ ಬಂದಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಗೊತ್ತಿಲ್ಲ.

ಅವನು ಬರುವ ಮುಂಚೆ ಕಾಕು ಬಂದರು. ಒಂದು ಬೆಳಿಗ್ಗೆ ಆಟೋದಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎಲ್ಲೆ ಇದ್ದಾಳ ಅಕಿ? ತೋರ್ಸು" ಅಂದರು.

ತಾಡಪತ್ರಿ ಸರಿಸಿದೆ. ಕಾಕು ಮೊದಲ ಸಲ ಅವಳನ್ನು ನೋಡಿದರು. ಮೂತಿಯಿಂದ ಬಾಲದವರೆಗೆ ನಡೆದುಹೋಗಿ, ತಿರುಗಿ ಬಂದರು.

"ಇಷ್ಟೇ ಏನು? ಇಷ್ಟು ಸಣ್ಣಾಕಿ ಸಲುವಾಗಿ ಐವತ್ತು ವರ್ಷ ನನ್ನ ತಲಿ ತಿಂದಾರ?"

ನಾನು ನಕ್ಕೆ. ಅವರು ನಗಲಿಲ್ಲ. "ಶರಣಪ್ಪ, ಡಾಕ್ಟರ್ ಹೇಳ್ಯಾರ, ಅವರಿಗೆ ಎದ್ದು ನಡೀಲಿಕ್ಕೆ ಮನಸ್ಸೇ ಇಲ್ಲಂತ. ಮನಸ್ಸು ಬರೋ ಅಂಥದ್ದು ಏನರೆ ಬೇಕಂತ. ನನ್ನ ಮುಖಾ ನೋಡಿ ಅವರು ಏಳಾಂಗಿಲ್ಲ, ಅದು ನನಗ ಗೊತ್ತದ. ಅಕಿನ್ನ ನೋಡಿದ್ರ ಏಳ್ತಾರ. ನೀ ಇದನ್ನ ಮುಗಸು."

"ಕಾಕು, ಕಾಕಾ ಇಲ್ದ ಹ್ಯಾಂಗ್ರಿ? ಒಳಗಿಂದು ನನಗೇನೂ ಗೊತ್ತಿಲ್ಲ. ಫೋಟೋದಾಗ ಎಲ್ಲಾ ಕಾಣಾಂಗಿಲ್ಲ."

"ನನಗ ಗೊತ್ತದ," ಅಂದರು ಕಾಕು. "ಕೇಳಿ ಕೇಳಿ ಅಕಿ ಮೈಯೆಲ್ಲಾ ಬಾಯಿಪಾಠ ಆಗ್ಯದ."

ಖರೇ ಹೇಳುತ್ತೇನೆ, ನಾನು ನಂಬಲಿಲ್ಲ. ಆದರೆ ಕಾಕು ಕುರ್ಚಿ ಹಾಕಿಸಿಕೊಂಡು ಕೂತು ಹೇಳತೊಡಗಿದಾಗ ಕೈಗೆ ಚಾಕ್‌ಪೀಸು ತೆಗೆದುಕೊಂಡೆ. ಮೂತಿಯ ಪಕ್ಕದಲ್ಲಿ ಒಂದು ಸಣ್ಣ ಮುಚ್ಚಳ ಇರಬೇಕು, ಯಾಕೆಂದರೆ ಕಾಕಾನ ಹೆಬ್ಬೆಟ್ಟು ಅದರಲ್ಲಿ ಸಿಕ್ಕು ಉಗುರು ಹೋಗಿತ್ತು. ಆ ಉಗುರಿಗೆ ಕಾಕು ಎಣ್ಣೆ ಹಚ್ಚಿದ್ದರು. ಕೂರುವ ಜಾಗ ಎಷ್ಟು ಇಕ್ಕಟ್ಟೆಂದರೆ ಪೈಲಟ್ಟಿನ ಮೊಣಕೈ ಎರಡೂ ಕಡೆ ತಾಕುತ್ತಿತ್ತು. ಮದುವೆಯಾದ ಹೊಸದರಲ್ಲಿ ಕ್ವಾರ್ಟರ್ಸಿನ ಅಡಿಗೆಮನೆ ಕಂಡು ಕಾಕಾ, "ಇದು ಅಕಿ ಹೊಟ್ಟಿಗಿಂತ ಸ್ವಲ್ಪ ದೊಡ್ಡದು" ಅಂದಿದ್ದರಂತೆ. ಹೀಗೆ ಪ್ರತಿಯೊಂದಕ್ಕೂ ಒಂದು ಸಂಸಾರದ ಸಾಕ್ಷಿ. ಕಾಕು ತಮ್ಮ ಬದುಕಿನ ಕಥೆಯನ್ನು ಹೇಳುತ್ತಿದ್ದರು, ನಾನು ಅದರೊಳಗಿಂದ ವಿಮಾನವನ್ನು ಆರಿಸಿಕೊಳ್ಳುತ್ತಿದ್ದೆ.

ಎಲ್ಲವೂ ಸರಿಯಿತ್ತು ಎಂದಲ್ಲ. ಸೀಟಿನ ಬಲಗಡೆ ಒಂದು ಕೊಕ್ಕೆ ಇರಬೇಕೆಂದು ಕಾಕು ಹಟ ಹಿಡಿದರು. ಪೈಲಟ್ಟುಗಳು ಅದಕ್ಕೆ ಊಟದ ಡಬ್ಬಿ ತೂಗುಹಾಕುತ್ತಿದ್ದರಂತೆ. ಯುದ್ಧಕ್ಕೆ ಹೋಗುವವರು ಡಬ್ಬಿ ಕಟ್ಟಿಕೊಂಡು ಹೋಗುತ್ತಾರೆಯೇ ಎಂದು ನನಗೆ ಅನುಮಾನ. "ಹಸಿವಾದ್ರ ಏನ್ ಮಾಡ್ಬೇಕು ಅವರು?" ಎಂದು ಕಾಕು ಕೇಳಿದ ಮೇಲೆ ಕೊಕ್ಕೆ ಹಾಕಿದೆ.

ಹಗಲು ಮಿಲ್ಲುಗಳ ಕೆಲಸ, ಬೆಳಗಿನ ತಂಪಿನಲ್ಲಿ ವಿಮಾನ. ಮೇಲಿನ ಗಾಜಿನ ಮುಚ್ಚಳಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಂದು ಬಿಸಿಮಾಡಿ ಬಗ್ಗಿಸಲು ಹೋದೆ. ಮೊದಲನೆಯದು ಹಪ್ಪಳವಾಯಿತು, ಎರಡನೆಯದು ಸಂಡಿಗೆ. ಮೂರನೆಯದು ನಾನು ಹೇಳಿದ ಹಾಗೆ ಕೇಳಿತು. ಮಹಾನಂದಾ ಒಂದು ಬೆಳಿಗ್ಗೆ ನನಗೆ ಬುತ್ತಿ ಕೊಡಲು ಬಂದವಳು, ರೆಕ್ಕೆಯ ಮೇಲೆ ನಾನು ಬರೆದ ವಾಯುಸೇನೆಯ ಮೂರು ಬಣ್ಣದ ದುಂಡು ಗುರುತನ್ನು ನೋಡಿ, "ಇದು ದುಂಡಗ ಅದ ಅಂತೀರೇನು?" ಎಂದು ಕೈಯಿಂದ ಬ್ರಷ್ ಕಸಿದುಕೊಂಡಳು. ನಲವತ್ತು ವರ್ಷ ಅಂಗಳಕ್ಕೆ ರಂಗೋಲಿ ಹಾಕಿದ ಕೈ. ದಾರ ಹಿಡಿದು ಎಳೆದ ಅವಳ ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹುಡುಕಿದರೆ ಸಿಗದು. ಅಂದಿನಿಂದ ಅವಳು ಯಾಕೆ ಎಂದು ಕೇಳುವುದನ್ನು ಬಿಟ್ಟಳು.

ಬೆಳ್ಳಿ ಬಣ್ಣ ಬಳಿದು ಮುಗಿದ ದಿನ ಕಾಕಾನನ್ನು ಕರೆತಂದೆವು. ಗಾಲಿಕುರ್ಚಿಯಲ್ಲಿ ಕೂರಿಸಿ ಷೆಡ್ಡಿನೊಳಗೆ ತಳ್ಳಿದೆ. ಅವರು ತಲೆ ತಗ್ಗಿಸಿಯೇ ಇದ್ದರು. "ನೋಡ್ರಿ, ನಿಮ್ಮಾಕಿ ಬಂದಾಳ" ಅಂದರು ಕಾಕು. ಕಾಕಾ ತಲೆ ಎತ್ತಿದರು. ಬಹಳ ಹೊತ್ತು ನೋಡಿದರು. ಎಡಗೈ ಮೆಲ್ಲಗೆ ಕುರ್ಚಿಯ ಹಿಡಿಯನ್ನು ಹಿಡಿದು ಒತ್ತಿತು. ನಾನು ಹಿಡಿಯಲು ಮುಂದಾದೆ, ಕಾಕು ಕಣ್ಸನ್ನೆಯಿಂದ ತಡೆದರು. ಕಾಕಾ ನಡುಗುತ್ತ, ಓರೆಯಾಗಿ, ಎದ್ದು ನಿಂತರು. ಎರಡು ಹೆಜ್ಜೆ ಎಳೆದು ರೆಕ್ಕೆಯನ್ನು ಹಿಡಿದುಕೊಂಡರು. ಪೈಲಟ್ಟಿನ ಗುಂಡಿ ಅವರ ಮುಖದ ಎತ್ತರಕ್ಕೇ ಇತ್ತು. ಇಣುಕಿದರು. ಒಳಗಿನ ಒಂದೊಂದನ್ನೂ ನೋಡುತ್ತ ಬಂದ ಕಣ್ಣು ಆ ಕೊಕ್ಕೆಯ ಮೇಲೆ ನಿಂತಿತು. ನನ್ನ ಕಡೆ ನೋಡಿದರು. ನಾನು ಕಾಕುವಿನ ಕಡೆ ಕೈ ತೋರಿಸಿದೆ.

"ಊಟದ ಡಬ್ಬಿಗೆ," ಅಂದರು ಕಾಕು ಗಂಭೀರವಾಗಿ.

ಕಾಕಾನ ಹೊಟ್ಟೆ ಕುಲುಕತೊಡಗಿತು. ಏನಾಯಿತೋ ಎಂದು ಹೆದರಿದೆ. ಅವರು ನಗುತ್ತಿದ್ದರು. ಅರ್ಧ ಮುಖ ಮಾತ್ರ ನಗುತ್ತಿತ್ತು, ಆದರೆ ಎರಡೂ ಕಣ್ಣಲ್ಲಿ ನೀರು. ಹೊಸದಾಗಿ ಮದುವೆಯಾದ ಹುಡುಗಿಗೆ ಚೇಷ್ಟೆಗೆ ಹೇಳಿದ್ದ ಸುಳ್ಳು ಅದು. ಕಾಕುಗೆ ತಿಳಿಯಲು ತುಸು ಹೊತ್ತು ಹಿಡಿಯಿತು. "ಅಯ್ಯೋ ಸುಡ್ಲಿ, ಇಷ್ಟು ವರ್ಷ ನಂಬಿದ್ನಲ್ಲ!" ಎಂದು ಅವರೂ ಸೆರಗು ಬಾಯಿಗಿಟ್ಟು ನಕ್ಕರು. ಮರುದಿನದಿಂದ ಕಾಕಾ ವ್ಯಾಯಾಮಕ್ಕೆ ಎದ್ದರು.

ಅವರು ಕೋಲು ಹಿಡಿದು ಅಂಗಳ ದಾಟುವಷ್ಟಾದ ಮೇಲೆ ವಿಮಾನ ಕಮಲಾಪುರಕ್ಕೆ ಹೊರಟಿತು. ರೆಕ್ಕೆ ಬಿಚ್ಚಿ ಪಕ್ಕಕ್ಕೆ ಕಟ್ಟಿ, ಮೈಯನ್ನು ಲಾರಿಯ ಮೇಲೆ ಹೇರಿ, ನಾನು ಅದರ ಬೆನ್ನ ಹಿಂದೆ ಹಗ್ಗ ಹಿಡಿದು ಕೂತೆ. ಹುಮನಾಬಾದ್ ರಸ್ತೆಯಲ್ಲಿ ಎದುರಿಗೆ ಬಂದವರೆಲ್ಲ ಗಾಡಿ ನಿಲ್ಲಿಸಿ ಫೋನು ಎತ್ತಿದರು. ಒಂದು ಕಡೆ ಪೊಲೀಸಿನವರು ಕೈ ಅಡ್ಡ ಹಾಕಿದರು. ಕೆಳಗಿಳಿದೆ. ಅವರು ಮುಖ ಗಂಟಿಕ್ಕಿಕೊಂಡು ಕೇಳಿದರು.

"ಎಲ್ಲಿ ಬಿತ್ರೀ ಇದು?"

"ಬಿದ್ದಿಲ್ರಿ ಸಾಹೇಬ್ರ. ನಾ ಮಾಡೀನಿ."

"ನೀವ್ ಮಾಡೀರಿ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕ?"

ಮಹಾನಂದಾ ಲಾರಿಯ ಮುಂದಿನ ಸೀಟಿನಿಂದ ತಲೆ ಹೊರಗೆ ಹಾಕಿ, "ಅವರಿಗೆ ಬರ್ತದ, ಅದಕ್ಕ ಮಾಡ್ಯಾರ" ಅಂದಳು. ಪೊಲೀಸಿನವರಿಗೆ ಆ ಉತ್ತರ ಸಾಕಾಯಿತು. ಹೋಗಿ ಅಂದರು, ಆದರೆ ಫೋಟೋ ಹೊಡೆಸಿಕೊಂಡ ಮೇಲೆ.

ತೋಟದಲ್ಲಿ ಕಾಕು ತಾವೇ ನಿಂತು ಬಾಳೆ ಕಡಿಸಿ ಜಾಗ ಹಸನುಮಾಡಿಸಿದ್ದರು. ಕ್ರೇನು ಮೈಯನ್ನು ಇಳಿಸಿತು, ನಾವು ರೆಕ್ಕೆ ಕೂಡಿಸಿದೆವು. ಸುತ್ತ ಬಾಳೆಯ ಅಗಲ ಎಲೆಗಳು, ನಡುವೆ ಬೆಳ್ಳಗೆ ಹೊಳೆಯುವ ಪುಟ್ಟ ವಿಮಾನ, ಮೂತಿ ತುಸು ಕೆಳಗೆ. ಊರಿನವರು ಬೇಲಿಯ ಹೊರಗೆ ನೆರೆದರು. ಕಾಕಾ ಕುರ್ಚಿಯಿಂದ ಎದ್ದು ಕೋಲೂರಿಕೊಂಡು ಬಂದರು. ಮೂತಿಯಿಂದ ಶುರುಮಾಡಿ ಒಂದು ಸುತ್ತು ಹಾಕಿದರು. ಗಾಲಿಯನ್ನು ಕೋಲಿನಿಂದ ಮುಟ್ಟಿದರು, ರೆಕ್ಕೆಯ ಅಂಚನ್ನು ಎಡಗೈಯಿಂದ ಸವರಿದರು, ಬಾಲದ ಹತ್ತಿರ ನಿಂತು ದಣಿವಾರಿಸಿಕೊಂಡು ಮತ್ತೆ ಹೊರಟರು. ಹಾರುವ ಮುಂಚೆ ಮಾಡುವ ತಪಾಸಣೆ ಅದು.

ಸುತ್ತು ಮುಗಿಸಿ ಏಣಿಯ ಕಡೆ ಕೈ ಮಾಡಿದರು. ಹತ್ತಬೇಕೆನ್ನುತ್ತಾರೇನೋ ಎಂದುಕೊಂಡೆ. ಏಣಿ ಹಚ್ಚಿದೆ. ಅವರು ತಲೆ ಅಲ್ಲಾಡಿಸಿ, ಕೋಲನ್ನು ನನ್ನ ಕೈಗೆ ಕೊಟ್ಟು, ಎಡಗೈಯಿಂದ ಏಣಿ ಹಿಡಿದು ನಿಂತು ಕಾಕುವಿನ ಕಡೆ ನೋಡಿದರು.

"ನಾನಾ?" ಅಂದರು ಕಾಕು. "ಹುಚ್ಚು ಹಿಡದದೇನು? ಮಂದಿ ನೋಡಾಕತ್ತಾರ."

ಕಾಕಾ ಏಣಿ ಬಿಡಲಿಲ್ಲ. ಹಾಗೇ ನಿಂತರು. ಕಾಕು ಆ ಕಡೆ ಈ ಕಡೆ ನೋಡಿ, ಸೆರಗು ಬಿಗಿದು, ದೇವರ ಹೆಸರು ಹೇಳುತ್ತ ಹತ್ತಿದರು. ಮಹಾನಂದಾ ಹಿಂದಿನಿಂದ ಆಸರೆ ಕೊಟ್ಟಳು. ಎಪ್ಪತ್ತೈದು ದಾಟಿದ ಹೆಂಗಸು ಯುದ್ಧವಿಮಾನದ ಸೀಟಿನಲ್ಲಿ ಕೂತು ಸೀರೆಯ ನೆರಿಗೆ ಸರಿಮಾಡಿಕೊಂಡರು. ಆಮೇಲೆ ಕಾಕಾ, ನಾನು ಸೊಂಟ ಹಿಡಿದುಕೊಂಡಿದ್ದಾಗ, ಎರಡು ಮೆಟ್ಟಿಲು ಏರಿ ಬಗ್ಗಿದರು. ಒಂದೇ ಕೈಯಿಂದ ಸೀಟಿನ ಬೆಲ್ಟನ್ನು ಎಳೆದು ಕಾಕುವಿನ ಭುಜದ ಮೇಲಿಂದ ತಂದರು. ಕೊಂಡಿ ಕೂಡಲಿಲ್ಲ. ಕಾಕು ತಮ್ಮ ಕೈ ಕೊಟ್ಟರು. ಇಬ್ಬರ ಕೈ ಸೇರಿ ಕಟ್ ಎಂದು ಕೂತಿತು. ಕಾಕಾ ಬೆಲ್ಟನ್ನು ಜಗ್ಗಿ ನೋಡಿದರು. ಬಿಗಿಯಾಗಿತ್ತು.

ಕೆಳಗಿಳಿದು ಏಣಿ ತೆಗೆಯಲು ಸನ್ನೆ ಮಾಡಿದರು. ಕೋಲು ಕೊಡಲು ಹೋದೆ, ಬೇಡವೆಂದರು. ಕಾಲೆಳೆಯುತ್ತ ವಿಮಾನದ ಮುಂದಕ್ಕೆ ಹೋಗಿ, ಪೈಲಟ್ಟಿಗೆ ಕಾಣುವ ಜಾಗದಲ್ಲಿ ನಿಂತು, ಎಡಗೈಯ ಹೆಬ್ಬೆಟ್ಟು ಮೇಲೆತ್ತಿ ಹಿಡಿದರು.

ಒಳಗಿನಿಂದ ಕಾಕುವಿನ ದನಿ ಬಂತು. "ಈಗ ನಾ ಏನ್ ಮಾಡ್ಬೇಕ್ರೀ?"

ಕಾಕಾನ ಬಾಯಿ ಅಲುಗಿತು. ಎಷ್ಟೋ ಹೊತ್ತು ಬರಿ ಗಾಳಿ ಬಂತು. ಆಮೇಲೆ ಮಾತು ಬಂತು. "ಹೋ... ಹೋಗಿ ಬಾ."

"ಹೋಗಿ ಬರ್ತೀನಿ" ಅಂದರು ಕಾಕು, ಮದುವೆಗೋ ಸಂತೆಗೋ ಹೊರಟವರ ಹಾಗೆ. ಎರಡೂ ಕೈಯಿಂದ ಮುಂದಿನ ಹಿಡಿಯನ್ನು ಹಿಡಿದು ಕೂತೇ ಇದ್ದರು. ಕಾಕಾ ಕೈ ಇಳಿಸಲಿಲ್ಲ.

ಏಣಿ ಹಚ್ಚಿ ಅವರನ್ನು ಇಳಿಸಿಕೊಳ್ಳುವಾಗ ಮಹಾನಂದಾ ಕೇಳಿದಳು, "ಮ್ಯಾಲಿಂದ ಏನೇನು ಕಾಣ್ತು ಕಾಕು?"

ಕಾಕು ನೆಲಕ್ಕೆ ಕಾಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು.

"ಇವರು ಕಂಡ್ರು" ಅಂದರು. "ಎಷ್ಟು ನೆಟ್ಟಗ ನಿಂತಿದ್ರು ನೋಡು."